ಬಿಸಿಯಾದಾಗ ಮತ್ತೆ ಸ್ಟಾರ್ಟ್ ಆಗದ ಹಳೆಯ ಡೀಸೆಲ್ ಲಾರಿ

(ಚಂದಕವಾಡಿಯಲ್ಲಿ ರೈತರು ಮತ್ತು ವಿಸ್ತರಣಾ ಕಾರ್ಯಕರ್ತರಿಗಾಗಿ ಮಾಡಿದ ಭಾಷಣದ ಪಾಠ)



ಅರಿಶಿನ, ಬಾಳೆ, ಟೊಮೇಟೊ ಬೆಳೆಯುವ ಕ್ರಮವನ್ನು ಈ ಹೋಬಳಿಯ ರೈತರಿಗೆ ಹೇಳಿಕೊಡಬೇಕಾದ ಅಗತ್ಯ ಹೆಚ್ಚಾಗಿಲ್ಲ. ಬೆಳೆದ ಮಾಲು ಪೇಟೆ ಮುಟ್ಟುವ ದಾರಿಯಲ್ಲಿ ಆಗುವ ನಷ್ಟದ ಬಗ್ಗೆ ಮಾತ್ರ ನಾವು ಕಡಿಮೆ ಮಾತನಾಡಿದ್ದೇವೆ. ನಿಮ್ಮ ಅರಿಶಿನ ಪುಣಜನೂರು, ಹಾಸನೂರು ದಾಟಿ ದಿಂಬಂ ಘಟ್ಟವನ್ನು ಇಳಿದು ಈರೋಡಿಗೆ ಹೋಗುತ್ತದೆ. ತೆರಕಣಾಂಬಿ, ಗುಂಡ್ಲುಪೇಟೆ ಕಡೆಯ ತರಕಾರಿ ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಹೋಗುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರವರೆಗೆ ಸರಕು ಲಾರಿಗಳಿಗೆ ಪ್ರವೇಶವಿಲ್ಲ. ರಾತ್ರಿ ಎಂಟೂವರೆಗೆ ಚಹಾ ಕುಡಿಯಲೆಂದು ನಿಲ್ಲಿಸಿದ ಲಾರಿ ಮತ್ತೆ ಸ್ಟಾರ್ಟ್ ಆಗದೆ ಅರ್ಧ ಗಂಟೆ ಕಳೆದರೆ, ಮದ್ದೂರು ಚೆಕ್‌ಪೋಸ್ಟಿನಲ್ಲಿ ಒಂಬತ್ತು ಗಂಟೆ ಕಾಲ ಟೊಮೇಟೊ ಬಾಕ್ಸುಗಳು ಬಿಸಿಯಲ್ಲಿ ಬೆಂದಂತೆಯೇ ಸರಿ. ಮರುದಿನ ಬೆಳಗಿನ ಪೇಟೆಯೂ ತಪ್ಪಿತು, ಮಾಲಿನ ದರ್ಜೆಯೂ ಇಳಿಯಿತು.

ಈ ರೋಗದ ಲಕ್ಷಣ ನಿಮಗೆಲ್ಲ ಗೊತ್ತಿರತಕ್ಕದ್ದೇ. ಬೆಳಿಗ್ಗೆ ಮುಟ್ಟಿದ ಕೂಡಲೆ ಲಾರಿ ಸ್ಟಾರ್ಟ್ ಆಗುತ್ತದೆ. ಲೋಡು ಹೊತ್ತು ಚೆನ್ನಾಗಿಯೇ ಓಡುತ್ತದೆ. ನಿಲ್ಲಿಸಿ ಒಂದು ನಿಮಿಷದೊಳಗೆ ಸೆಲ್ಫ್ ಹೊಡೆದರೂ ಏಳುತ್ತದೆ. ಆದರೆ ಹತ್ತು ಇಪ್ಪತ್ತು ನಿಮಿಷ ಬಿಟ್ಟು ಹೊಡೆದರೆ ಏಳುವುದಿಲ್ಲ. ಒಂದೆರಡು ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ. ಇಂಥ ಲಾರಿಗಳ ಚಾಲಕರು ಇಂಜಿನ್ ಆರಿಸುವುದನ್ನೇ ಬಿಟ್ಟಿರುತ್ತಾರೆ, ಇಲ್ಲವೇ ಎಲ್ಲಿ ಇಳಿಜಾರಿದೆಯೋ ಅಲ್ಲಿಯೇ ಊಟಕ್ಕೆ ನಿಲ್ಲಿಸುತ್ತಾರೆ.

ಇದಕ್ಕೆ ರಸ್ತೆಬದಿಯಲ್ಲಿ ಸಿಗುವ ಮೊದಲ ಉತ್ತರ ‘ವೇಪರ್ ಲಾಕ್’ ಎಂಬುದು. ಅದು ಪೆಟ್ರೋಲ್ ಗಾಡಿಯ ಮಾತು. ಪೆಟ್ರೋಲು ಸ್ವಲ್ಪ ಬಿಸಿಗೇ ಆವಿಯಾಗುತ್ತದೆ. ಡೀಸೆಲ್ ಆವಿಯಾಗಿ ಪೈಪು ಕಟ್ಟಲು ಲಾರಿಯ ಪೈಪಿನಲ್ಲಿರುವ ಬಿಸಿ ಸಾಲದು. ಎರಡನೆಯ ಉತ್ತರ ‘ಇಂಜಿನ್ ಕೆಲಸ ಮಾಡಿಸಿ, ರಿಂಗು ಹೋಗಿದೆ’ ಎಂಬುದು. ಇಲ್ಲಿ ಸ್ವಲ್ಪ ಯೋಚಿಸಬೇಕು. ಡೀಸೆಲ್ ಇಂಜಿನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿಗೆ ಡೀಸೆಲನ್ನು ಸಿಂಪಡಿಸಿದಾಗ ಅದು ಉರಿಯುತ್ತದೆ. ಹಾಗಾದರೆ ಸಿಲಿಂಡರು ಮೊದಲೇ ಬಿಸಿಯಾಗಿದ್ದಷ್ಟೂ ಸ್ಟಾರ್ಟ್ ಸುಲಭವಾಗಬೇಕು. ರಿಂಗು, ವಾಲ್ವು ಸವೆದ ಇಂಜಿನ್ ಚಳಿಯ ಬೆಳಿಗ್ಗೆ ಕಾಟ ಕೊಡುತ್ತದೆ, ಬಿಸಿಯಾದಾಗ ಸುಧಾರಿಸುತ್ತದೆ. ನಿಮ್ಮ ಲಾರಿ ಇದಕ್ಕೆ ತಿರುಗುಮುರುಗಾಗಿ ನಡೆದುಕೊಳ್ಳುತ್ತಿದ್ದರೆ, ಬಿಸಿಗೆ ಸೋಲುವ ಬೇರೆ ಭಾಗವನ್ನು ಹುಡುಕತಕ್ಕದ್ದು. ಅಂಥವು ಮುಖ್ಯವಾಗಿ ಮೂರು: ಸೆಲ್ಫ್ ಮೋಟಾರು ಮತ್ತು ಅದರ ತಂತಿಗಳು, ಡೀಸೆಲ್ ನಿಲ್ಲಿಸುವ ವಿದ್ಯುತ್ ಕವಾಟ, ಮತ್ತು ಇಂಜೆಕ್ಷನ್ ಪಂಪು. (ರೇಡಿಯೇಟರಿನಲ್ಲಿ ನೀರಿಲ್ಲದೆ ಮುಳ್ಳು ಕೆಂಪಿಗೆ ಹೋಗಿ ನಿಂತ ಲಾರಿಯ ಮಾತೇ ಬೇರೆ. ಅದಕ್ಕೆ ಸೆಲ್ಫ್ ಹೊಡೆಯಲೇಬಾರದು.)

ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷದ ನಂತರವೇ ಏಕೆ? ಒಲೆಯ ಉರಿ ತೆಗೆದ ಮೇಲೂ ಮಡಕೆಯೊಳಗಿನ ಎಸರು ಕುದಿಯುತ್ತಿರುವುದನ್ನು ಮನೆಯಲ್ಲಿ ಕಂಡಿದ್ದೀರಿ. ಇಂಜಿನ್ ಓಡುವಾಗ ಫ್ಯಾನಿನ ಗಾಳಿಯೂ, ಟ್ಯಾಂಕಿನಿಂದ ಬಂದು ಮರಳಿ ಹೋಗುವ ಡೀಸೆಲೂ ಪಂಪಿನ ಬಿಸಿಯನ್ನು ಒಯ್ಯುತ್ತಿರುತ್ತವೆ. ನಿಲ್ಲಿಸಿದಾಗ ಎರಡೂ ನಿಂತು, ಇಂಜಿನ್ ಬ್ಲಾಕಿನ ಬಿಸಿಯೆಲ್ಲ ಪಕ್ಕದಲ್ಲಿರುವ ಪಂಪಿಗೂ ಸೆಲ್ಫಿಗೂ ಏರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಲಾರಿ ಮೊಂಡುಹಿಡಿದು ನಿಂತಿರುವಾಗ, ನಿಂತ ಜಾಗದಲ್ಲಿಯೇ ಮಾಡಬೇಕು. ಮರುದಿನ ಶೆಡ್ಡಿಗೆ ಒಯ್ದಾಗ ರೋಗ ಅಡಗಿರುತ್ತದೆ. ಮೆಕ್ಯಾನಿಕ್ಕಿಗೆ ಊಹೆಯ ಹೊರತು ದಾರಿಯಿರುವುದಿಲ್ಲ, ಊಹೆಯ ಖರ್ಚು ಮಾಲೀಕನದು. ಇಂಥ ಲಾರಿಯ ಖರ್ಚಿನ ಚೀಟಿಗಳ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಮೊದಲು ಹೊಸ ಬ್ಯಾಟರಿ, ಆಮೇಲೆ ಸೆಲ್ಫ್ ರಿಪೇರಿ, ಆಮೇಲೆ ನಾಝಲ್. ಪಂಪನ್ನು ಯಾರೂ ಮುಟ್ಟಿ ಸಹ ನೋಡಿರುವುದಿಲ್ಲ.

ಮೊದಲು ಸೆಲ್ಫಿನ ಸದ್ದನ್ನು ಕೇಳಿ. ಬೆಳಿಗ್ಗೆ ತಿರುಗಿಸಿದಷ್ಟೇ ಚುರುಕಾಗಿ ಇಂಜಿನನ್ನು ತಿರುಗಿಸುತ್ತಿದೆಯೇ? ಎಳೆದೆಳೆದು ತಿರುಗುತ್ತಿದ್ದರೆ ತಪ್ಪು ಅಲ್ಲಿಯೇ ಇದೆ. ಬಿಸಿಯಾದ ತಾಮ್ರದ ಸುರುಳಿಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚು. ಬುಷ್ ಸವೆದ ಸೆಲ್ಫು ಬಿಸಿಗೆ ಹಿಡಿದುಕೊಳ್ಳುವುದೂ ಉಂಟು. ಸೆಲ್ಫನ್ನು ಬಿಚ್ಚುವ ಮುನ್ನ ಬ್ಯಾಟರಿ ಟರ್ಮಿನಲ್ ಉಜ್ಜಿ, ಇಂಜಿನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯ ಬೋಲ್ಟು ಬಿಗಿಮಾಡಿ ನೋಡಿ. ಮೀಟರು ಇರುವವರು ಸೆಲ್ಫ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ 9.5ಕ್ಕಿಂತ ಕೆಳಗೆ ಇಳಿಯುವುದೇ ಎಂದು ನೋಡಬಹುದು. ಬ್ಯಾಟರಿಯಲ್ಲಿ ವೋಲ್ಟೇಜು ನಿಂತಿದ್ದು ಸೆಲ್ಫಿನ ಬಳಿ ಇಳಿದಿದ್ದರೆ, ಹಣ ಕೇಬಲ್ಲಿಗೆ ಹಾಕಿ, ಬ್ಯಾಟರಿಗೆ ಬೇಡ.

ಚುರುಕಾಗಿ ತಿರುಗಿಯೂ ಏಳದಿದ್ದರೆ ಕ್ಲೀನರನ್ನು ಸೈಲೆನ್ಸರ್ ಕಡೆ ನಿಲ್ಲಿಸಿ. ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಹೋಗುತ್ತಿಲ್ಲ. ಬಿಸಿ ಲಾರಿಯಲ್ಲಿ ಹೆಚ್ಚಾಗಿ ಕಂಡುಬರುವುದು ಎರಡನೆಯದು. ಆಗ ಕೀ ಆನ್ ಆಫ್ ಮಾಡುತ್ತ ಪಂಪಿನ ಬಳಿ ಕಿವಿಯಿಡಿ. ವಿದ್ಯುತ್ ಕವಾಟವಿರುವ ಪಂಪಾದರೆ ‘ಟಕ್’ ಎನ್ನಬೇಕು. ಸದ್ದಿಲ್ಲದಿದ್ದರೆ ತಂತಿಗೆ ಕರೆಂಟು ಬರುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪಿನಿಂದ ನೋಡಿ. ಬರುತ್ತಿದ್ದರೆ ಸುರುಳಿ ಬಿಸಿಗೆ ಕೈಕೊಟ್ಟಿದೆ. ಅಷ್ಟನ್ನು ಬದಲಾಯಿಸಿದರೆ ಮುಗಿಯಿತು. ಕೈಯಿಂದ ಎಳೆಯುವ ಸ್ಟಾಪ್ ಕೇಬಲ್ ಇದ್ದರೆ ಅದರ ಲಿವರು ಪೂರ್ತಿ ಹಿಂದಿರುಗಿದೆಯೇ ಎಂದು ಕಣ್ಣಾರೆ ನೋಡಿ. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತಿರುಗಿಸಿ. ‘ಉಸ್’ ಎಂದು ಗಾಳಿ ಎಳೆದುಕೊಂಡರೆ ಮುಚ್ಚಳದ ರಂಧ್ರ ಕಟ್ಟಿದೆ. ಗಾಳಿ ಹಿಡಿಯುವ ತೊಂದರೆಯೂ ಇರಬಹುದು. ಆದರೆ ಅದು ರಾತ್ರಿಯೆಲ್ಲ ನಿಂತ ಲಾರಿಯಲ್ಲಿ ಬೆಳಿಗ್ಗೆ ಹೆಚ್ಚು ಕಾಣುತ್ತದೆ, ಮತ್ತು ಕೈಪಂಪು ಹೊಡೆದು ಏರ್ ತೆಗೆದರೆ ಹೋಗುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಇಂಜೆಕ್ಷನ್ ಪಂಪಿನ ಮೇಲೆಯೇ ಬಲವಾದ ಅನುಮಾನ. ನಮ್ಮ ಹಳೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಎರಡು ಬಗೆಯ ಪಂಪುಗಳಿವೆ. ಉದ್ದಕ್ಕಿದ್ದು, ಸಿಲಿಂಡರಿಗೊಂದರಂತೆ ಪೈಪುಗಳು ಸಾಲಾಗಿ ಹೊರಡುವುದು ಇನ್‌ಲೈನ್ ಪಂಪು. ಗಿಡ್ಡಕ್ಕೆ ದುಂಡಗಿದ್ದು, ಒಂದೇ ತಲೆಯಿಂದ ಪೈಪುಗಳು ಸುತ್ತಲೂ ಹೊರಡುವುದು ರೋಟರಿ ಪಂಪು. ಇವುಗಳಲ್ಲಿ ಅನೇಕವು ಬೆಂಗಳೂರಿನ ಮೈಕೋ ಕಾರ್ಖಾನೆಯವು. 2008ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಎಂದಾದರೂ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಯಾವ ಪಂಪೇ ಆಗಲಿ, ಡೀಸೆಲನ್ನು ಒತ್ತುವ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ತಲೆಗೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗೂ ಮೀರಿದ್ದು. ಧೂಳು, ನೀರು ಸೇರಿದ ಡೀಸೆಲಿನಿಂದ ವರ್ಷಾನುಗಟ್ಟಲೆ ಸವೆದು ಈ ಸಂದು ಹಿಗ್ಗುತ್ತದೆ. ರೋಟರಿ ಪಂಪಿನಲ್ಲಿ ಎಲ್ಲ ಸಿಲಿಂಡರುಗಳ ಕೆಲಸವನ್ನೂ ಒಂದೇ ತಲೆ ಮಾಡಬೇಕು, ಅದರ ಒಳಭಾಗಗಳಿಗೆಲ್ಲ ಡೀಸೆಲ್ಲೇ ಎಣ್ಣೆ. ಹೀಗಾಗಿ ಈ ರೋಗ ಅದಕ್ಕೇ ಹೆಚ್ಚು.

ಬೆಳಿಗ್ಗೆ ಡೀಸೆಲ್ ಮಂದವಾಗಿದ್ದು ಹಿಗ್ಗಿದ ಸಂದಿನಲ್ಲಿ ಬೇಗ ನುಸುಳುವುದಿಲ್ಲ. 40 ಡಿಗ್ರಿಯಲ್ಲಿರುವ ಮಂದತನ 80 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀರಿನಂತಾದ ಡೀಸೆಲ್ ಒತ್ತಿದಷ್ಟೂ ಹಿಂದಕ್ಕೆ ಸೋರಿ, ನಾಝಲನ್ನು ತೆರೆಸುವ ಒತ್ತಡ ಏರುವುದೇ ಇಲ್ಲ. ಓಡುವಾಗ ಪಂಪು ವೇಗವಾಗಿ ತಿರುಗುವುದರಿಂದ ಸೋರಲು ಸಮಯವಿಲ್ಲ. ಸೆಲ್ಫ್ ತಿರುಗಿಸುವ ಇನ್ನೂರರ ಆಸುಪಾಸಿನ ಸುತ್ತಿನಲ್ಲಿ ಸಮಯ ಬೇಕಾದಷ್ಟಿದೆ. ಲಾರಿಯನ್ನು ತಳ್ಳಿದರೆ ಏಳುವುದೂ ಈ ಕಾರಣದಿಂದಲೇ. ಆದರೆ ಸೆಲ್ಫು ದುರ್ಬಲವಾಗಿದ್ದರೂ ತಳ್ಳಿದರೆ ಏಳುತ್ತದೆ. ಆದಕಾರಣ ತಳ್ಳಿದಾಗ ಎದ್ದಿತೆಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಸಾಕ್ಷಿ ಬೇಕಾದರೆ ಒದ್ದೆ ಬಟ್ಟೆಯ ಪರೀಕ್ಷೆ ಮಾಡಿ. ಹಳೆಯ ಪಂಚೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಪೈಪುಗಳು ಹೊರಡುವ ಪಂಪಿನ ತಲೆಗೆ ಸುತ್ತಿ. ಬಿಸಿಯಾದಂತೆಲ್ಲ ಮತ್ತೆ ಅದ್ದಿ ಸುತ್ತುತ್ತ ಹತ್ತು ನಿಮಿಷ ಬಿಡಿ. ಬೇರೆ ಏನನ್ನೂ ಮುಟ್ಟದೆ ಸೆಲ್ಫ್ ಹೊಡೆಯಿರಿ. ಅದುವರೆಗೆ ಏಳದ ಲಾರಿ ಈಗ ಎದ್ದರೆ ಪಂಪಿನ ತಲೆ ಸವೆದಿದೆ ಎಂದು ನಂಬಬಹುದು. ಕವಾಟವೂ ಅದೇ ಜಾಗದಲ್ಲಿ ತಣ್ಣಗಾಗುವುದರಿಂದ ಅದನ್ನು ಮೊದಲೇ ನೋಡಿರಬೇಕು, ಇಲ್ಲದಿದ್ದರೆ ತೀರ್ಪು ತಪ್ಪೀತು. ಅವಸರಪಟ್ಟು ಬಿಂದಿಗೆ ನೀರನ್ನು ಸುರಿಯಕೂಡದು. ಹೊರಗವಚ ತಟ್ಟನೆ ಕುಗ್ಗಿ ಒಳಗಿನ ರೋಟರು ಹಿಡಿದುಕೊಂಡರೆ ಪಂಪೇ ಹೋಯಿತು. ಇಂಜಿನ್ ಬ್ಲಾಕಿನ ಮೇಲೆ ನೀರು ಬಿದ್ದರೆ ಸೀಳಲೂಬಹುದು. ನಾಝಲ್ ಪೈಪಿನ ನಟ್ಟು ಸಡಿಲಿಸಿ ಡೀಸೆಲ್ ಬರುವುದೇ ಎಂದು ಬೆರಳಿಟ್ಟು ನೋಡುವ ಅಭ್ಯಾಸ ಕೆಲವರಿಗಿದೆ. ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಪಂಪು ಸವೆದದ್ದು ಖಚಿತವಾದರೆ ಪಂಪು ರಿಪೇರಿ ಅಂಗಡಿಯಲ್ಲಿ ಹೇಳಬೇಕಾದ ಮಾತು ಒಂದಿದೆ. ‘ಕ್ಯಾಲಿಬ್ರೇಷನ್ ಮಾಡಿ’ ಎಂದಷ್ಟೇ ಹೇಳಿದರೆ ಸಾಲದು. ಟೆಸ್ಟ್ ಬೆಂಚಿನ ಎಣ್ಣೆ ಸುಮಾರು 40 ಡಿಗ್ರಿಯಲ್ಲಿರುತ್ತದೆ. ಓಡುವ ವೇಗದಲ್ಲಿ ನಿಮ್ಮ ಪಂಪು ಅಲ್ಲಿ ಪಾಸಾಗಬಹುದು. ಸ್ಟಾರ್ಟಿಂಗ್ ವೇಗದಲ್ಲಿ ಎಷ್ಟು ಡೀಸೆಲ್ ಕೊಡುತ್ತದೆ ಎಂದು ಅಳೆಯಿರಿ, ಕಂಪನಿಯ ಚಾರ್ಟಿನ ಅಂಕಿಯನ್ನೂ ಪಕ್ಕದಲ್ಲಿ ಬರೆದುಕೊಡಿ ಎಂದು ಕೇಳಿ. ಕಡಿಮೆಯಿದ್ದರೆ ತಲೆಯನ್ನೇ (ಇನ್‌ಲೈನ್ ಆದರೆ ಎಲಿಮೆಂಟುಗಳನ್ನು) ಬದಲಾಯಿಸದೆ ಬೇರೆ ಉಪಾಯವಿಲ್ಲ. ಹೆಚ್ಚು ಡೀಸೆಲ್ ಕೊಡುವ ಸ್ಕ್ರೂ ತಿರುಗಿಸಿ ಕಳಿಸುವವರಿದ್ದಾರೆ. ನಾಲ್ಕು ದಿನ ಬೇಗ ಎದ್ದಂತೆ ಕಾಣುತ್ತದೆ, ಕಪ್ಪು ಹೊಗೆಯೂ ಡೀಸೆಲ್ ಖರ್ಚೂ ಏರುತ್ತವೆ, ರೋಗ ಅಲ್ಲಿಯೇ ಇರುತ್ತದೆ. ನನಗಂತೂ ಅದು ರಿಪೇರಿಯೆನಿಸುವುದಿಲ್ಲ.

ತಲೆ ಬದಲಾಯಿಸುವಷ್ಟು ಹಣ ಕೈಗೆ ಬರುವವರೆಗೆ ಕೆಲವು ಎಚ್ಚರಿಕೆಗಳಿಂದ ದಿನ ದೂಡಬಹುದು. ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಏಕೆಂದರೆ ಉಳಿದ ಸ್ವಲ್ಪ ಡೀಸೆಲ್ ಪಂಪಿಗೆ ಹೋಗಿ ಬಂದು ಬೇಗ ಕಾಯುತ್ತದೆ. ಈರೋಡಿನಿಂದ ಹಿಂದಿರುಗುವಾಗ ಬಣ್ಣಾರಿಯಿಂದ ದಿಂಬಂವರೆಗೆ 27 ತಿರುವುಗಳನ್ನು ಏರಿದ ಲಾರಿಯನ್ನು ಏರಿದ ಕೂಡಲೆ ಆರಿಸದೆ, ಐದು ನಿಮಿಷ ನಿಧಾನ ವೇಗದಲ್ಲಿ ಬಿಟ್ಟು ಆಮೇಲೆ ಆರಿಸಿ, ಬಾನೆಟ್ಟು ಎತ್ತಿಡಿ. ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ನೀರು ತೆಗೆಯಿರಿ. ಅಗ್ಗವೆಂದು ಸೀಮೆಎಣ್ಣೆ ಬೆರೆತ ಡೀಸೆಲ್ ಹಾಕಿದರೆ, ಮೊದಲೇ ತೆಳುವಾದದ್ದು ಬಿಸಿಗೆ ಮತ್ತಷ್ಟು ತೆಳುವಾಗಿ ಪಂಪಿನ ಆಯುಸ್ಸೂ ತಗ್ಗುತ್ತದೆ. ಕಬ್ಬಿನ ಟ್ರೈಲರ್ ಎಳೆಯುವ ರೋಟರಿ ಪಂಪಿನ ಟ್ರ್ಯಾಕ್ಟರಿಗೂ ಈ ಮಾತುಗಳೇ ಅನ್ವಯಿಸುತ್ತವೆ.

ಈಚಿನ ಕಾಮನ್ ರೈಲ್ ಪಿಕಪ್ಪುಗಳಲ್ಲಿ ಇದೇ ಲಕ್ಷಣ ಕಂಡರೆ ಪೈಪಿನ ನಟ್ಟನ್ನು ಮುಟ್ಟಲೇಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ಮೀರಿರುತ್ತದೆ. ಇಂಜೆಕ್ಟರಿನಿಂದ ಹಿಂದಕ್ಕೆ ಸೋರುವ ಡೀಸೆಲ್ ಎಷ್ಟೆಂದು ಅಳೆಸಿ, ಕ್ರ್ಯಾಂಕ್ ಸೆನ್ಸರನ್ನು ಬಿಸಿಯಿರುವಾಗಲೇ ಸ್ಕ್ಯಾನರಿನಿಂದ ನೋಡಿಸತಕ್ಕದ್ದು.

ಮೆಕ್ಯಾನಿಕ್ಕಿನ ಬಳಿ ಹೋಗುವಾಗ ಒಂದು ಚೀಟಿ ಜೊತೆಗಿರಲಿ. ಎಷ್ಟು ಹೊತ್ತು ನಿಂತ ಮೇಲೆ ಏಳಲಿಲ್ಲ, ಸೆಲ್ಫ್ ಹೇಗೆ ತಿರುಗಿತು, ಹೊಗೆ ಬಂತೇ, ಕವಾಟ ‘ಟಕ್’ ಎಂದಿತೇ, ಒದ್ದೆ ಬಟ್ಟೆಗೆ ಎದ್ದಿತೇ. ಲಾರಿ ಕೆಟ್ಟ ರಾತ್ರಿಯೇ ಈ ಐದು ಉತ್ತರಗಳನ್ನು ಚಾಲಕನಿಂದ ಬರೆಸಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ಟೆಸ್ಟ್ ಲ್ಯಾಂಪು, ಸೀಟಿನ ಹಿಂದೆ ಐದು ಲೀಟರ್ ನೀರಿನ ಕ್ಯಾನು ಮತ್ತು ಹಳೆಯ ಪಂಚೆ ಸದಾ ಇರಲಿ.