ಹಳೆಯ ಗಣಕಯಂತ್ರವೂ ಪರವಾನಗಿಯ ಪ್ರಶ್ನೆಯೂ

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿಯೇ ಓದಿ, ಇಲ್ಲಿಯೇ ಪಾಠ ಹೇಳಿ, ಇಂದು ಸಂಘದ ಕಾರ್ಯಕಾರೀ ಸಮಿತಿಯಲ್ಲಿ ಕುಳಿತಿರುವ ನನ್ನಿಂದ ನಾಲ್ಕು ಮಾತುಗಳನ್ನು ಕೇಳಬೇಕೆಂದು ಅಧ್ಯಕ್ಷರು ಬಯಸಿದ್ದಾರೆ. ವಿದ್ಯೆಯ ಮಹಿಮೆಯನ್ನೂ ಮಾತೃಭಾಷೆಯ ಹಿರಿಮೆಯನ್ನೂ ನನಗಿಂತ ಸೊಗಸಾಗಿ ಹೇಳಬಲ್ಲವರು ಈ ವೇದಿಕೆಯ ಮೇಲಿದ್ದಾರೆ. ಆದುದರಿಂದ ನಾನು ಒಂದು ಸಣ್ಣ ವಿಷಯವನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಸಂಘದ ಕಚೇರಿಯ ಮೂಲೆಯಲ್ಲಿರುವ ಹಳೆಯ ಗಣಕಯಂತ್ರವನ್ನು ನೀವೆಲ್ಲರೂ ಕಂಡಿದ್ದೀರಿ. ಅದಕ್ಕಾಗಿ ಒಂದು ಪರವಾನಗಿಯನ್ನು ಕೊಳ್ಳಹೋಗಿ ನಾನು ಮಾಡಿದ ತಪ್ಪನ್ನೂ, ಅದರಿಂದ ಕಲಿತ ಪಾಠವನ್ನೂ ಈ ದಿನ ನಿಮ್ಮ ಮುಂದಿಡುತ್ತೇನೆ.

ಕಿರಿಯರಿಗಾಗಿ ಮೊದಲು ಒಂದು ಮಾತು. ಗಣಕಯಂತ್ರವನ್ನು ಕೊಂಡ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲ. ನಮ್ಮೂರ ಮದುವೆಮನೆಯನ್ನು ನೆನೆಯಿರಿ. ಅಡುಗೆಯವರಿದ್ದಾರೆ, ವಾದ್ಯದವರಿದ್ದಾರೆ, ಪುರೋಹಿತರಿದ್ದಾರೆ. ಆದರೆ ಸುಧರಿಕೆಯವರು ಇಲ್ಲದಿದ್ದರೆ ಎಲೆ ಹಾಕುವವರು ಯಾರು, ಬಡಿಸುವವರು ಯಾರು ಎಂಬುದೇ ತಿಳಿಯದು. ಯಂತ್ರದೊಳಗೆ ಅಂಥ ಸುಧರಿಕೆಯನ್ನು ನಡೆಸುವುದೇ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಗೆ ಒಯ್ಯುವುದು, ಕಡತಗಳನ್ನು ಕಾಪಾಡುವುದು, ಮುದ್ರಣಯಂತ್ರವನ್ನು ಎಚ್ಚರಿಸುವುದು ಎಲ್ಲವೂ ಅದರ ಹೊಣೆ.

ನಮ್ಮ ಕಚೇರಿಯ ಯಂತ್ರದಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ ಕಂಪೆನಿಯು ಅದನ್ನು 2001ರ ಅಕ್ಟೋಬರ್ 25ರಂದು ಹೊರತಂದಿತು; 2014ರ ಏಪ್ರಿಲ್ 8ರಂದು ಅದರ ಪೋಷಣೆಯನ್ನು ನಿಲ್ಲಿಸಿತು. ಇಷ್ಟು ಹಳೆಯದನ್ನು ನಾವೇಕೆ ಇಟ್ಟುಕೊಂಡಿದ್ದೆವು? ಈ ವಾರ್ಷಿಕ ಸಂಚಿಕೆಯ ಹಲವು ವರ್ಷಗಳ ಪುಟಗಳು ಅದರಲ್ಲಿಯೇ ಸಿದ್ಧವಾದವು. ಅಂದಿನ ಕನ್ನಡ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದವುಗಳು. ಅದೇ ವಿನ್ಯಾಸ, ಅದೇ ಪುಟಕಟ್ಟುವ ತಂತ್ರಾಂಶ ಇದ್ದರೆ ಮಾತ್ರ ಓದಬಹುದು. ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಇಂದು ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೇ ಮೀಸಲಾದ 128 ಸ್ಥಾನಗಳಿವೆ. ನಮ್ಮ ಹಳೆಯ ಕಡತಗಳು ಆ ಪದ್ಧತಿಗೆ ಇನ್ನೂ ಬಂದಿರಲಿಲ್ಲ. ನಿಮ್ಮಲ್ಲಿ ಕೆಲವರ ತಂದೆತಾಯಿಗಳು ಬಾಲ್ಯದಲ್ಲಿ ಬರೆದ ಕವಿತೆ, ಪ್ರವಾಸಕಥನಗಳು ಅವುಗಳಲ್ಲಿದ್ದವು.

2019ರ ಮಳೆಗಾಲದಲ್ಲಿ ಆ ಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಿತು. ದೈವವಶಾತ್ ಕಡತಗಳ ಪ್ರತಿಗಳು ಸಿಡಿಗಳಲ್ಲಿದ್ದವು. ಆದರೆ ಅವನ್ನು ತೆರೆಯಬೇಕಾದರೆ ಹೊಸ ಡಿಸ್ಕಿನಲ್ಲಿ ಮತ್ತೆ ಎಕ್ಸ್‌ಪಿಯನ್ನೇ ಸ್ಥಾಪಿಸಬೇಕು. ಪೇಟೆಯ ಅಂಗಡಿಗೆ ಹೋದೆ. ಅಂಗಡಿಯಾತ ನನ್ನ ಹಳೆಯ ಶಿಷ್ಯನೇ. "ಮಾಸ್ಟ್ರೇ, ಅದಕ್ಕೆಲ್ಲ ನೀವು ದುಡ್ಡು ಯಾಕೆ ಖರ್ಚು ಮಾಡ್ತೀರಿ? ನನ್ನ ಹತ್ತಿರ ಒಂದು ಸಿಡಿ ಉಂಟು, ಹಾಕಿ ಕೊಡ್ತೇನೆ. ಕಂಪೆನಿಯವರೇ ಬಿಟ್ಟ ಸಾಮಾನು, ಇನ್ನು ಯಾರು ಕೇಳ್ತಾರೆ?" ಎಂದ. ಅವನ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆದರೂ ಶಾಲೆಯ ಯಂತ್ರಕ್ಕೆ ಕಳ್ಳಪ್ರತಿ ಬೇಡವೆಂದು ಹೇಳಿ ಹಿಂದಿರುಗಿದೆ. ಅಲ್ಲಿಯವರೆಗೆ ನಾನು ಸರಿಯಾಗಿಯೇ ನಡೆದೆ.

ಬಳಿಕ ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರನನ್ನು ಹುಡುಕಿದೆ. "ಅಸಲಿ ಪರವಾನಗಿ, ಆಜೀವ ಬಾಳಿಕೆ, ಬೆಲೆ 600 ರೂಪಾಯಿ" ಎಂದಿತ್ತು. ಬೆಲೆ ಇಷ್ಟು ಕಡಿಮೆಯೇಕೆಂದು ಕೇಳಬೇಕಾಗಿತ್ತು, ಕೇಳಲಿಲ್ಲ. ಸಂಘದ ಹಣದಿಂದ 600 ರೂಪಾಯಿ ಕಳುಹಿಸಿದೆ. ಒಂದು ಸಿಡಿಯೂ, 25 ಅಕ್ಷರಗಳ ಕೀಲಿಸಂಖ್ಯೆ ಇದ್ದ ಚೀಟಿಯೂ ಅಂಚೆಯಲ್ಲಿ ಬಂದವು. ಸ್ಥಾಪಿಸಿದ ಮೇಲೆ ನೋಂದಾಯಿಸಹೊರಟರೆ ಯಂತ್ರ ಒಪ್ಪಲಿಲ್ಲ. ಆ ಸಂಖ್ಯೆಯು ಮೊದಲೇ ಬೇರೆ ಯಂತ್ರಗಳಲ್ಲಿ ಬಳಕೆಯಾಗಿತ್ತು. ಮಾರಾಟಗಾರನಿಗೆ ಬರೆದೆ, ಉತ್ತರವಿಲ್ಲ.

ಮಹಾಶಯರೇ, ಆ ಹಣ ನನ್ನದಲ್ಲ. ಅಡಿಕೆ ಮಾರಿ, ಬೀಡಿ ಕಟ್ಟಿ, ಕೂಲಿ ಮಾಡಿ ನೀವು ಸಂಘಕ್ಕೆ ಕೊಟ್ಟ ಹಣ. ಸಮಿತಿಯ ಸಭೆಯಲ್ಲಿ ನಡೆದುದನ್ನೆಲ್ಲ ಒಪ್ಪಿಕೊಂಡು 600 ರೂಪಾಯಿಯನ್ನು ನಾನೇ ಕಟ್ಟಿದೆ. ಲೆಕ್ಕದ ಪುಸ್ತಕದಲ್ಲಿ ಆ ಎರಡು ಸಾಲುಗಳು ಇಂದಿಗೂ ಇವೆ. ಅನಂತರವೇ ಈ ಪರವಾನಗಿಯೆಂದರೇನು ಎಂಬುದನ್ನು ನಾನು ಶ್ರದ್ಧೆಯಿಂದ ಓದಿದ್ದು.

ಮೊದಲ ಸಂಗತಿ: ಕಾರ್ಯಾಚರಣ ವ್ಯವಸ್ಥೆಯನ್ನು ನಾವು ಕೊಂಡೆವೆನ್ನುವಾಗ ಅದರ ಒಡೆತನವನ್ನು ಕೊಳ್ಳುವುದಿಲ್ಲ, ಬಳಸುವ ಹಕ್ಕನ್ನು ಮಾತ್ರ ಪಡೆಯುತ್ತೇವೆ. ನಮ್ಮ ಹಿರಿಯರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಿಂದೆ ಈ ಸೀಮೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಪದ್ಧತಿಗಳಿದ್ದವು. ಭೂಮಿ ಧಣಿಯದು, ಉಳುವ ಹಕ್ಕು ಒಕ್ಕಲಿನದು. ಆ ಹಕ್ಕು ಎಷ್ಟು ಕಾಲ, ಯಾವ ಷರತ್ತಿನ ಮೇಲೆ ಎಂಬುದು ಗೇಣಿಚೀಟಿನಲ್ಲಿರುತ್ತಿತ್ತು. ತಂತ್ರಾಂಶದ ಪರವಾನಗಿಯೂ ಒಂದು ಗೇಣಿಚೀಟು. ಅದನ್ನು ಓದದೆ ಒಪ್ಪುವವನು ಚೀಟು ಓದದೆ ಹೆಬ್ಬೆಟ್ಟು ಒತ್ತಿದವನಿಗೆ ಸಮಾನ.

ಈ ಭೇದದ ಬೆಲೆಯೆಷ್ಟೆಂಬುದಕ್ಕೆ ಒಂದು ಇತಿಹಾಸವಿದೆ. ಅಮೆರಿಕೆಯ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಟಿಮ್ ಪ್ಯಾಟರ್ಸನ್ ಎಂಬವರು 86-ಡಾಸ್ ಎಂಬ ವ್ಯವಸ್ಥೆಯನ್ನು ರಚಿಸಿದರು. ಮೈಕ್ರೋಸಾಫ್ಟ್ 1981ರ ಜುಲೈಯಲ್ಲಿ 50,000 ಡಾಲರು ಕೊಟ್ಟು ಅದರ ಹಕ್ಕುಗಳನ್ನು ಕೊಂಡಿತು. ಮರುತಿಂಗಳು 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದಾಗ ಅದರೊಡನೆ ಈ ವ್ಯವಸ್ಥೆಯೇ ಬಂದಿತು. ಆದರೆ ಮೈಕ್ರೋಸಾಫ್ಟ್ ಅದನ್ನು ಐಬಿಎಂಗೆ ಮಾರಲಿಲ್ಲ. ಪರವಾನಗಿ ಕೊಟ್ಟು ಒಡೆತನವನ್ನು ತನ್ನಲ್ಲಿಯೇ ಉಳಿಸಿಕೊಂಡು, ಇತರ ತಯಾರಕರಿಗೂ ಪರವಾನಗಿ ನೀಡುತ್ತ ಹೋಯಿತು. ಒಮ್ಮೆ ಮಾರಿದವರು ಒಮ್ಮೆ ಹಣ ಕಂಡರು. ಪರವಾನಗಿ ಕೊಟ್ಟವರು ಹಲವು ಕಾಲ ಕಂಡರು.

ಎರಡನೆಯ ಸಂಗತಿ: ಪರವಾನಗಿಗಳೆಲ್ಲ ಒಂದೇ ಬಗೆಯವಲ್ಲ. ಯಂತ್ರದ ತಯಾರಕರು ಯಂತ್ರದೊಡನೆಯೇ ಕೊಡುವ ಪರವಾನಗಿ ಒಂದು. ಅದನ್ನು ಓಇಎಂ ಎನ್ನುತ್ತಾರೆ. ಅದು ಆ ಯಂತ್ರಕ್ಕೇ ಅಂಟಿದ್ದು. ಯಂತ್ರ ಸತ್ತರೆ ಅದೂ ಮುಗಿಯಿತು. ಅಂಗಡಿಯಲ್ಲಿ ಪೆಟ್ಟಿಗೆಯಾಗಿ ಮಾರುವುದು ಇನ್ನೊಂದು. ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಕಚೇರಿಗಳಿಗೂ ವಿದ್ಯಾಲಯಗಳಿಗೂ ಒಟ್ಟಾಗಿ ಕೊಡುವುದು ಮೂರನೆಯದು. ಅದನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ. ಕೆಲವು ಪರವಾನಗಿಗಳಲ್ಲಿ ಹೊಸದನ್ನು ಕೊಂಡವನು ಹಳೆಯದನ್ನು ಬಳಸಿಕೊಳ್ಳುವ ಹಕ್ಕೂ ಇರುತ್ತದೆ. ವಿಂಡೋಸ್ 7ರ ಪ್ರೊಫೆಷನಲ್ ಆವೃತ್ತಿ ಇದ್ದ ಯಂತ್ರವನ್ನು ಕೊಂಡವರು ಬೇಕಾದರೆ ಅದರಲ್ಲಿ ಎಕ್ಸ್‌ಪಿ ಪ್ರೊಫೆಷನಲನ್ನು ನ್ಯಾಯವಾಗಿಯೇ ಬಳಸಬಹುದಾಗಿತ್ತು. ಬರಿಯ 25 ಅಕ್ಷರಗಳ ಚೀಟಿ ಪರವಾನಗಿಯಲ್ಲ. ಬೀಗದ ಕೈ ಸಿಕ್ಕಿದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲವಷ್ಟೆ.

ಮೂರನೆಯ ಸಂಗತಿ: ತಯಾರಕರು ಪೋಷಣೆ ನಿಲ್ಲಿಸಿದರೆಂದು ಅವರ ಹಕ್ಕು ನಿಲ್ಲುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕಯಂತ್ರದ ತಂತ್ರಾಂಶವನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿಯೇ ಎಣಿಸುತ್ತದೆ. ಅಚ್ಚು ಮುಗಿದ ಪುಸ್ತಕವನ್ನು ಯಾರು ಬೇಕಾದರೂ ಮುದ್ರಿಸಿ ಮಾರಬಹುದೆ? ಇದೂ ಹಾಗೆಯೇ. ಕಳ್ಳಪ್ರತಿಯೆಂದು ತಿಳಿದೂ ಬಳಸುವುದು ದಂಡನೀಯ ಅಪರಾಧ. ಆದರೆ ನ್ಯಾಯವಾಗಿ ಪಡೆದವನು ನಷ್ಟದಿಂದ ಕಾಪಾಡಿಕೊಳ್ಳಲು ತನಗಾಗಿ ಒಂದು ಪ್ರತಿ ಮಾಡಿಟ್ಟುಕೊಳ್ಳಲು ಅದೇ ಕಾಯಿದೆ ಅನುಮತಿಸುತ್ತದೆ. ಹಳೆಯದನ್ನು ನ್ಯಾಯವಾಗಿ ಪಡೆಯುವ ದಾರಿಗಳೂ ಉಂಟು. ಐಬಿಎಂ ತನ್ನ ಓಎಸ್/2 ವ್ಯವಸ್ಥೆಯ ಪೋಷಣೆಯನ್ನು 2006ರ ಕೊನೆಗೆ ನಿಲ್ಲಿಸಿದರೂ, ಅದರಿಂದ ಬೆಳೆದ ಆರ್ಕಾ ಓಎಸ್ ಎಂಬುದನ್ನು ಬೇರೊಂದು ಸಂಸ್ಥೆ ಅನುಮತಿ ಪಡೆದು 2017ರಿಂದ ಮಾರಿತು. ಎಂಎಸ್-ಡಾಸ್‌ನ ಮೊದಲ ಆವೃತ್ತಿಗಳ ಮೂಲಬರಹವನ್ನು ಮೈಕ್ರೋಸಾಫ್ಟ್ 2018ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಜಿಮ್ ಹಾಲ್ ಎಂಬವರು 1994ರಲ್ಲಿ ಆರಂಭಿಸಿದ ಫ್ರೀಡಾಸ್ ಯಾರಿಗೂ ಉಚಿತವಾಗಿ ಸಿಗುತ್ತದೆ.

ಈಗ ಕಥೆಯ ಉಳಿದ ಭಾಗ. ಕಚೇರಿಯನ್ನು ಗುಡಿಸುತ್ತಿದ್ದ ದಿನ ಒಂಬತ್ತನೆಯ ತರಗತಿಯ ಒಬ್ಬ ಬಾಲೆ ಆ ಯಂತ್ರದ ಬೆನ್ನನ್ನು ಒರೆಸುತ್ತ, "ಸರ್, ಇಲ್ಲಿ ಏನೋ ಅಂಟಿಸಿದ್ದಾರೆ, ನಂಬ್ರ ಉಂಟು" ಎಂದಳು. ನೋಡಿದರೆ ತಯಾರಕರ ಹೆಸರಿದ್ದ ಪರವಾನಗಿಯ ಚೀಟಿ! ಯಂತ್ರದೊಡನೆ ಬಂದಿದ್ದ ಸಿಡಿಯು ಕಪಾಟಿನ ತಳದಲ್ಲಿ, ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಸಿಕ್ಕಿತು. ಡಿಸ್ಕ್ ಬದಲಾದರೂ ಯಂತ್ರ ಅದೇ. ಆದುದರಿಂದ ಪರವಾನಗಿಯೂ ಸಜೀವವಾಗಿಯೇ ಇತ್ತು. ಆ ಸಿಡಿ ಯಂತ್ರವನ್ನು ಗುರುತಿಸಿತು. ಸ್ಥಾಪನೆ ನಿರ್ವಿಘ್ನವಾಗಿ ನಡೆಯಿತು. ನಾನು ಹೊರಗೆಲ್ಲ ಹುಡುಕಿ ಮೋಸಹೋದದ್ದು ನಮ್ಮ ಮನೆಯಲ್ಲಿಯೇ ಇದ್ದ ವಸ್ತುವಿಗಾಗಿ.

ಆ ಯಂತ್ರವನ್ನು ನಾವು ಅಂತರ್ಜಾಲಕ್ಕೆ ಜೋಡಿಸಲಿಲ್ಲ. ಕಾರಣ ಹೇಳುತ್ತೇನೆ. ಪೋಷಣೆ ನಿಂತ ವ್ಯವಸ್ಥೆಯೆಂದರೆ ಮಾಡು ಹೊದೆಸದ ಮನೆ. ಬಿಸಿಲಿಗೆ ಚಿಂತೆಯಿಲ್ಲ, ಮಳೆ ಬಂದಾಗ ತಿಳಿಯುತ್ತದೆ. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಲೋಕದಾದ್ಯಂತ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದೂಡಲ್ಪಟ್ಟವು. ನಮ್ಮ ರಾಜ್ಯದ ವಯನಾಡಿನ ಒಂದು ಪಂಚಾಯತು ಕಚೇರಿಯ ಯಂತ್ರಗಳೂ ಬಾಧೆಗೊಳಗಾದವು. ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ಬಲಿಯಾದವು. ಆದುದರಿಂದ ನಮ್ಮ ಹಳೆಯ ಯಂತ್ರದಲ್ಲಿ ಒಂದೇ ಕೆಲಸ ಮಾಡಿದೆವು: ಹಳೆಯ ಸಂಚಿಕೆಗಳನ್ನು ತೆರೆದು, ಒಂದೊಂದನ್ನೂ ಪಿಡಿಎಫ್ ರೂಪಕ್ಕೂ ಯೂನಿಕೋಡಿಗೂ ತಂದೆವು. ವಿದ್ಯಾರ್ಥಿಗಳು ಸರದಿಯಂತೆ ಕುಳಿತು ಅಕ್ಷರ ತಿದ್ದಿದರು. ಈಗ ಅವು ಯಾವ ಯಂತ್ರದಲ್ಲಿಯೂ ತೆರೆಯುತ್ತವೆ.

ನಿತ್ಯದ ಪಾಠಕ್ಕೆ ಬೇರೆ ದಾರಿಯಿದೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯೂ, 2017ರಲ್ಲಿ ಅದರಿಂದ ರೂಪುಗೊಂಡ ಕೈಟ್ ಸಂಸ್ಥೆಯೂ ಸ್ವತಂತ್ರ ತಂತ್ರಾಂಶವನ್ನೇ ಅವಲಂಬಿಸಿವೆ. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯೂ, ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಪ್ರಕಟಿಸಿದ ಲಿನಕ್ಸೂ ಕೂಡಿ ಆದ ವ್ಯವಸ್ಥೆ ಇದು. ಇದಕ್ಕೂ ಪರವಾನಗಿಯುಂಟು, ಆದರೆ ಬಳಸು, ಅರಿತುಕೋ, ತಿದ್ದು, ಹಂಚು ಎಂದು ಹೇಳುವ ಪರವಾನಗಿ. ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಪಡೆದವನಿಗೂ ಕೊಡಬೇಕೆಂಬುದು ಅದರ ಷರತ್ತು.

ಪೋಷಕರಲ್ಲಿ ಒಂದು ಬಿನ್ನಹ. 2015ರಲ್ಲಿ ಬಂದ ವಿಂಡೋಸ್ 10ರ ಸಾಮಾನ್ಯ ಪೋಷಣೆಯೂ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕಾದುದರಿಂದ ಹಲವು ಮನೆಗಳ ಗಟ್ಟಿಮುಟ್ಟಾದ ಯಂತ್ರಗಳು ಅದಕ್ಕೆ ಹೊಂದುವುದಿಲ್ಲ. ಅಂಥ ಯಂತ್ರವನ್ನು ಎಸೆಯುವ ಮೊದಲು, ಅಥವಾ ಅಗ್ಗದ ಕೀಲಿಸಂಖ್ಯೆಗೆ ಹಣ ತೆರುವ ಮೊದಲು, ಅದರಲ್ಲಿ ಲಿನಕ್ಸ್ ಹಾಕಬಹುದೇ ಎಂದು ನಿಮ್ಮ ಮಕ್ಕಳನ್ನೇ ಕೇಳಿರಿ. ಅವರು ಶಾಲೆಯಲ್ಲಿ ಅದನ್ನು ಕಲಿತಿದ್ದಾರೆ. ಹಳೆಯ ಯಂತ್ರವನ್ನು ಕೊಳ್ಳುವುದಾದರೆ ಬೆನ್ನಿನ ಚೀಟಿಯನ್ನೂ, ಜೊತೆಗೆ ಬಂದ ಸಿಡಿಯನ್ನೂ, ರಶೀದಿಯನ್ನೂ ಕೇಳಿ ಪಡೆಯಿರಿ.

ವಿದ್ಯಾರ್ಥಿಗಳೇ, ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನು ನಡೆಸುವವರಿಗೆ ಹಣ ಕಡಿಮೆ. ಆದುದರಿಂದ ಹೆಸರನ್ನಾದರೂ ಶುಚಿಯಾಗಿ ಇಟ್ಟುಕೊಳ್ಳಬೇಕು. ಪರೀಕ್ಷೆಯಲ್ಲಿ ನಕಲು ಮಾಡಬೇಡಿರೆಂದು ನಿಮಗೆ ಹೇಳುವ ಶಾಲೆಯ ಯಂತ್ರದಲ್ಲಿಯೇ ನಕಲು ಕುಳಿತಿದ್ದರೆ ಆ ಮಾತಿಗೆ ಬೆಲೆಯೆಲ್ಲಿ? ನನ್ನ 600 ರೂಪಾಯಿ ಹೋಯಿತು. ಆದರೆ ಈ ಮಾತನ್ನು ನಿಮ್ಮ ಮುಂದೆ ತಲೆಯೆತ್ತಿ ಹೇಳುವ ಅಧಿಕಾರ ಉಳಿಯಿತು. ಅದು ನನಗೆ ನಷ್ಟವೆನಿಸಿಲ್ಲ.