ತಂತ್ರಾಂಶ ರಚನೆಯ ಮೂಲತತ್ತ್ವಗಳು
(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಗಣಕಯಂತ್ರದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಈ ಸಭೆಯವರು ನಮಗೆ ಆದೇಶವಿತ್ತಿರುವರು. ಕನ್ನಡ ಮಾಧ್ಯಮದ ಶಾಲೆಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಸದಾ ಸುಳಿದಾಡುತ್ತಿರುತ್ತದೆ. "ನಮ್ಮ ಮಗು ಕನ್ನಡದಲ್ಲಿ ಓದುತ್ತಿದೆ, ನಾಳೆ ಗಣಕಯಂತ್ರದ ವಿದ್ಯೆಗೆ ಅದು ಸಲ್ಲುವುದೆ?" ಎಂಬುದೇ ಆ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಉತ್ತರ ಹೇಳುವ ಮುನ್ನ ಆ ವಿದ್ಯೆಯ ಸ್ವರೂಪವೇನೆಂಬುದನ್ನು ವಿಚಾರಿಸಬೇಕು. ಸ್ವರೂಪವನ್ನು ಅರಿತೆವಾದರೆ ಉತ್ತರವು ತಾನಾಗಿಯೇ ಹೊಳೆಯುವುದು.

ಗಣಕಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. ಇಂಥದನ್ನು ಮಾಡು, ಆಮೇಲೆ ಇಂಥದನ್ನು ಮಾಡು, ಹೀಗಾದರೆ ಹಾಗೆ ಮಾಡು ಎಂದು ಬರೆದಿಟ್ಟ ಆಜ್ಞೆಗಳನ್ನು ಅದು ಚಾಚೂ ತಪ್ಪದೆ ನಡೆಸುತ್ತದೆ. ಈ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಹತ್ತಿಪ್ಪತ್ತು ಸಾಲಿನ ಆಜ್ಞೆಗಳನ್ನು ಒಬ್ಬ ಚುರುಕಾದ ಹುಡುಗ ಒಂದು ಮಧ್ಯಾಹ್ನದಲ್ಲಿ ಬರೆದಾನು. ಆದರೆ ರೈಲಿನ ಸೀಟು ಕಾದಿರಿಸುವ, ಬ್ಯಾಂಕಿನ ಲೆಕ್ಕವಿಡುವ, ವಿಮಾನವನ್ನು ನಡೆಸುವ ತಂತ್ರಾಂಶಗಳು ಲಕ್ಷಗಟ್ಟಲೆ ಸಾಲುಗಳಷ್ಟಿರುತ್ತವೆ. ನೂರಾರು ಜನ ಕೂಡಿ ವರ್ಷಗಟ್ಟಲೆ ದುಡಿದು ಅವನ್ನು ರಚಿಸುತ್ತಾರೆ. ದನದ ಕೊಟ್ಟಿಗೆ ಕಟ್ಟಬಲ್ಲವನೆಲ್ಲ ದೊಡ್ಡ ಸೇತುವೆಯನ್ನು ಕಟ್ಟಲಾರನಷ್ಟೆ? ಹಾಗೆಯೇ ಇದು.

ಈ ಸಂಗತಿ ಲೋಕಕ್ಕೆ ಮನವರಿಕೆಯಾದುದು ೧೯೬೦ರ ದಶಕದಲ್ಲಿ. ಆಗ ಯಂತ್ರಗಳ ಶಕ್ತಿ ಬಹುಬೇಗ ಬೆಳೆಯಿತು; ಅವುಗಳಿಗೆ ಬೇಕಾದ ತಂತ್ರಾಂಶವೋ ಹೇಳಿದ ಕಾಲಕ್ಕೆ ಮುಗಿಯದು, ಹೇಳಿದ ಹಣದಲ್ಲಿ ಮುಗಿಯದು, ಮುಗಿದರೂ ತಪ್ಪುಗಳಿಂದ ತುಂಬಿರುವುದು. ೧೯೬೮ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಷ್ ಎಂಬ ಊರಿನಲ್ಲಿ ತಜ್ಞರ ಒಂದು ಸಮ್ಮೇಳನ ಸೇರಿ ಈ ಸಂಕಟವನ್ನು ಚರ್ಚಿಸಿತು. ಸೇತುವೆ ಕಟ್ಟುವವನಿಗೆ ಒಂದು ಶಾಸ್ತ್ರ, ಒಂದು ಶಿಸ್ತು ಇರುವಂತೆ ತಂತ್ರಾಂಶ ರಚಿಸುವವನಿಗೂ ಇರಬೇಕೆಂಬ ಆಶಯದಿಂದ ಆ ಸಮ್ಮೇಳನಕ್ಕೆ 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರನ್ನೇ ಇಟ್ಟಿದ್ದರು. ಅಂದಿನಿಂದ ಆ ಹೆಸರು ರೂಢಿಗೆ ಬಂದಿತು.

ಈ ಶಾಸ್ತ್ರದಲ್ಲಿ ಮುಖ್ಯವಾಗಿ ಮೂರು ವಿಚಾರಗಳನ್ನು ಇಂದು ನೋಡೋಣ. ಒಂದು, ಕೆಲಸದ ಕ್ರಮ. ಎರಡು, ಕೆಲಸದ ನಿರ್ವಹಣೆ. ಮೂರು, ಅವಶ್ಯಕತೆಗಳನ್ನು ಅರಿತು ಬರೆದಿಡುವ ಬಗೆ.

ಮೊದಲನೆಯದು ಕ್ರಮ. ಮನೆ ಕಟ್ಟುವಾಗ ಮನೆಯವರ ಬೇಡಿಕೆಯನ್ನು ಕೇಳಿ, ನಕ್ಷೆ ಬರೆದು, ಪಂಚಾಂಗ ಹಾಕಿ, ಗೋಡೆಯೆಬ್ಬಿಸಿ, ಮಾಡು ಹೊದೆಸುತ್ತೇವೆ. ತಂತ್ರಾಂಶಕ್ಕೂ ಇಂಥ ಹಂತಗಳಿವೆ: ಬೇಕಾದುದೇನೆಂದು ತಿಳಿಯುವುದು, ವಿನ್ಯಾಸ ಮಾಡುವುದು, ಆಜ್ಞೆಗಳನ್ನು ಬರೆಯುವುದು, ಪರೀಕ್ಷಿಸುವುದು, ಬಳಕೆಗೆ ಕೊಟ್ಟ ಮೇಲೆ ಕಾಪಾಡಿಕೊಂಡು ಬರುವುದು. ೧೯೭೦ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರು ಈ ಹಂತಗಳನ್ನು ಮೆಟ್ಟಿಲುಗಳಂತೆ ಚಿತ್ರಿಸಿದನು. ನೀರು ಮೇಲಿನಿಂದ ಕೆಳಕ್ಕೆ ಧುಮುಕುವಂತೆ ಕೆಲಸವು ಒಂದರಿಂದ ಇನ್ನೊಂದಕ್ಕೆ ಇಳಿಯುವುದರಿಂದ ಮುಂದಿನವರು ಇದನ್ನು ಜಲಪಾತದ ಕ್ರಮವೆಂದು ಕರೆದರು. ಸ್ವಾರಸ್ಯವೇನೆಂದರೆ, ಹೀಗೆ ಒಂದೇ ಓಟದಲ್ಲಿ ಕೆಳಗಿಳಿದುಬಿಡುವುದು ಅಪಾಯಕರವೆಂದು ರಾಯ್ಸನೇ ಅದೇ ಬರಹದಲ್ಲಿ ಎಚ್ಚರಿಸಿದ್ದನು. ಪರೀಕ್ಷೆಯ ಹಂತದಲ್ಲಿ ದೋಷವು ಕಂಡುಬಂದಾಗ ಮತ್ತೆ ಮೇಲಿನ ಮೆಟ್ಟಿಲಿಗೆ ಹತ್ತಬೇಕಾಗುತ್ತದೆ. ಎಷ್ಟು ತಡವಾಗಿ ಕಂಡಿತೋ ಅಷ್ಟು ಹೆಚ್ಚು ಹತ್ತಬೇಕಾಗುತ್ತದೆ.

ಆದಕಾರಣ ಮುಂದಿನ ದಿನಗಳಲ್ಲಿ ಕೆಲಸವನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಮಾಡುವ ಪದ್ಧತಿ ಬೆಳೆಯಿತು. ೨೦೦೧ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಹದಿನೇಳು ಮಂದಿ ತಜ್ಞರು ಕೂಡಿ ಈ ಪದ್ಧತಿಯ ತತ್ತ್ವಗಳನ್ನು ಒಂದು ಘೋಷಣೆಯ ರೂಪದಲ್ಲಿ ಪ್ರಕಟಿಸಿದರು. ಅದರ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಎರಡು ಮೂರು ವಾರಗಳಲ್ಲಿ ಒಂದು ಸಣ್ಣ ಭಾಗವನ್ನು ಪೂರ್ತಿಯಾಗಿ ರಚಿಸು, ಬಳಸುವವನ ಕೈಗೆ ಕೊಡು, ಅವನು ಹೇಳಿದುದನ್ನು ಕೇಳು, ತಿದ್ದು, ಆಮೇಲೆ ಮುಂದಿನ ಭಾಗಕ್ಕೆ ಹೋಗು. ಅಡುಗೆ ಮಾಡುವ ತಾಯಿ ಎಲ್ಲರನ್ನೂ ಎಲೆಯ ಮುಂದೆ ಕೂಡಿಸಿದ ಮೇಲೆ ಸಾರಿನ ರುಚಿ ನೋಡುವಳೆ? ಒಲೆಯ ಮೇಲಿರುವಾಗಲೇ ನೋಡುತ್ತಾಳೆ. ಹಾಗೆಂದು ಜಲಪಾತದ ಕ್ರಮಕ್ಕೆ ಸ್ಥಳವೇ ಇಲ್ಲವೆಂದು ತಿಳಿಯಬಾರದು. ಬೇಕಾದುದು ಮೊದಲೇ ಸ್ಪಷ್ಟವಾಗಿ ಗೊತ್ತಿದ್ದು, ನಡುವೆ ಬದಲಾಗದಂಥ ಕೆಲಸಕ್ಕೆ ಅದು ಇಂದಿಗೂ ಸಲ್ಲುತ್ತದೆ.

ಎರಡನೆಯದು ನಿರ್ವಹಣೆ. ಎಷ್ಟು ಜನ, ಎಷ್ಟು ದಿನ, ಎಷ್ಟು ಹಣ ಎಂಬ ಲೆಕ್ಕವಿದು. ಕೆಲಸ ತಡವಾದರೆ ಇನ್ನಷ್ಟು ಜನರನ್ನು ಹಾಕಿದರಾಯಿತೆಂದು ಯಾರಾದರೂ ಹೇಳುತ್ತಾರೆ. ಐ.ಬಿ.ಎಂ. ಸಂಸ್ಥೆಯಲ್ಲಿ ಬಹು ದೊಡ್ಡದೊಂದು ತಂತ್ರಾಂಶದ ರಚನೆಯನ್ನು ಮುನ್ನಡೆಸಿದ ಫ್ರೆಡರಿಕ್ ಬ್ರೂಕ್ಸ್ ಎಂಬ ವಿದ್ವಾಂಸನು ೧೯೭೫ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಅನುಭವವನ್ನು ಹೇಳಿದನು: ತಡವಾದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುವುದು. ಕಾರಣವು ಸರಳ. ಹೊಸಬನಿಗೆ ಹಳಬನೇ ಕಲಿಸಬೇಕು. ಅಷ್ಟು ಕಾಲ ಹಳಬನ ಕೆಲಸವೂ ನಿಲ್ಲುವುದು. ಅಲ್ಲದೆ ಜನ ಹೆಚ್ಚಿದಂತೆ ಮಾತುಕತೆಯ ದಾರಿಗಳು ಹೆಚ್ಚುವುವು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು. ನಾಲ್ವರಿದ್ದರೆ ಇಬ್ಬಿಬ್ಬರ ನಡುವಣ ದಾರಿಗಳು ೬. ಹತ್ತು ಮಂದಿಯಿದ್ದರೆ ೪೫. ಇಪ್ಪತ್ತು ಮಂದಿಯಿದ್ದರೆ ೧೯೦. ಜನ ಇಮ್ಮಡಿಯಾದರೆ ದಾರಿಗಳು ನಾಲ್ಮಡಿಗೂ ಮೀರುವುವು.

ಕೆಲವು ಕೆಲಸಗಳನ್ನು ಹಂಚಿಕೊಳ್ಳಬಹುದು, ಕೆಲವನ್ನು ಹಂಚಲಾಗದು. ಅಡಕೆ ಕೊಯ್ಯುವುದಕ್ಕೆ ಹತ್ತು ಆಳು ಹೆಚ್ಚಿಗೆ ಬಂದರೆ ಕೊಯ್ಲು ಬೇಗ ಮುಗಿದೀತು. ಅಂಗಳದಲ್ಲಿ ಹರವಿದ ಅಡಕೆ ಮಾತ್ರ ನೂರು ಆಳು ಸುತ್ತ ನಿಂತರೂ ತನ್ನ ಬಿಸಿಲು ಕಂಡೇ ಒಣಗಬೇಕು. ಆದುದರಿಂದ ಯಾವ ಕೆಲಸ ಯಾವುದರ ಹಿಂದೆ ಬರಬೇಕು, ಯಾವುದು ತಡವಾದರೆ ಇಡೀ ಯೋಜನೆಯೇ ತಡವಾಗುವುದು ಎಂಬುದನ್ನು ಮೊದಲೇ ಪಟ್ಟಿಮಾಡಿ, ಅದರ ಮೇಲೆ ಕಣ್ಣಿಟ್ಟಿರುವುದೇ ನಿರ್ವಾಹಕನ ಕರ್ತವ್ಯ. ತಡವಾಗುವ ಸುದ್ದಿಯನ್ನು ಮುಚ್ಚಿಡದೆ ತಕ್ಕ ಸಮಯದಲ್ಲಿ ಹೇಳುವ ಧೈರ್ಯವೂ ಅವನಿಗಿರಬೇಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು: ಅವಶ್ಯಕತೆಗಳು. ಇದರ ಮಹತ್ತ್ವವನ್ನು ತಿಳಿಯಲು ಒಂದು ನಿಜವಾದ ದುರಂತವನ್ನು ನೆನೆಯೋಣ. ೧೯೯೬ನೆಯ ಇಸವಿ ಜೂನ್ ೪ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನದಲ್ಲಿರುವ ಕೂರೂ ಎಂಬ ಕೇಂದ್ರದಿಂದ ಯುರೋಪಿನ ಏರಿಯಾನ್–೫ ಎಂಬ ಹೊಸ ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು. ಅದರೊಳಗೆ ನಾಲ್ಕು ವೈಜ್ಞಾನಿಕ ಉಪಗ್ರಹಗಳಿದ್ದುವು. ನಲವತ್ತು ಸೆಕೆಂಡು ತುಂಬುವಷ್ಟರಲ್ಲಿ ಅದು ದಾರಿ ತಪ್ಪಿ ಆಕಾಶದಲ್ಲಿಯೇ ಒಡೆದು ಚೂರಾಯಿತು.

ವಿಚಾರಣೆ ನಡೆಯಿತು. ಎಂಜಿನ್ನಿನಲ್ಲಾಗಲಿ ಇಂಧನದಲ್ಲಾಗಲಿ ದೋಷವಿರಲಿಲ್ಲ. ದಿಕ್ಕನ್ನು ಅಳೆಯುವ ಉಪಕರಣದ ತಂತ್ರಾಂಶವನ್ನು ಹಳೆಯ ಏರಿಯಾನ್–೪ರಿಂದ ಹಾಗೆಯೇ ಎತ್ತಿಕೊಂಡಿದ್ದರು. ಅದರಲ್ಲಿ ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ದೊಡ್ಡ ಸಂಖ್ಯೆಯನ್ನು ೩೨,೭೬೭ಕ್ಕಿಂತ ಹೆಚ್ಚಿನದು ಹಿಡಿಸದಂಥ ಸಣ್ಣ ಜಾಗಕ್ಕೆ ತುಂಬುವ ಆಜ್ಞೆಯಿತ್ತು. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಅಷ್ಟು ಬೆಳೆಯುತ್ತಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚಾದುದರಿಂದ ಬೆಳೆಯಿತು. ಸೇರಿನಲ್ಲಿ ಕೊಳಗದ ಅಕ್ಕಿಯನ್ನು ಸುರಿದಂತಾಗಿ ತಂತ್ರಾಂಶವು ಕೈಚೆಲ್ಲಿತು. ಆಪತ್ತಿಗೆಂದು ಇಟ್ಟ ಎರಡನೆಯ ಉಪಕರಣದಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣದಿಂದ ಕೆಟ್ಟಿತು. ಇನ್ನೂ ಖೇದದ ಸಂಗತಿಯೆಂದರೆ, ಆ ಲೆಕ್ಕವನ್ನು ಮಾಡುತ್ತಿದ್ದ ಭಾಗವು ರಾಕೆಟ್ಟು ನೆಲ ಬಿಟ್ಟ ಮೇಲೆ ಹೊಸ ವಾಹನಕ್ಕೆ ಬೇಕಾಗಿಯೇ ಇರಲಿಲ್ಲ.

ಇಲ್ಲಿ ಆಜ್ಞೆ ಬರೆದವನ ಕೈ ತಪ್ಪಿತೆನ್ನಲಾಗದು. ಅವನು ಬರೆದುದು ಹಳೆಯ ವಾಹನಕ್ಕೆ ಸರಿಯಾಗಿಯೇ ಇತ್ತು. ಹೊಸ ವಾಹನವು ಯಾವ ಪಥದಲ್ಲಿ ಹೋಗುವುದೆಂಬ ಮಾಹಿತಿಯನ್ನು ಆ ಉಪಕರಣದ ಅವಶ್ಯಕತೆಗಳ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಆ ಪಥವನ್ನಿಟ್ಟುಕೊಂಡು ಪರೀಕ್ಷೆಯನ್ನೂ ಮಾಡಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳದೆ ಉಳಿದುದೇ ನಾಶಕ್ಕೆ ಕಾರಣವಾಯಿತು. ಆ ಉಪಗ್ರಹಗಳನ್ನು ಮತ್ತೆ ನಿರ್ಮಿಸಿ ಆಕಾಶಕ್ಕೆ ಕಳುಹಿಸುವಾಗ ೨೦೦೦ನೆಯ ಇಸವಿಯಾಗಿತ್ತು.

ಹಾಗಾದರೆ ಅವಶ್ಯಕತೆಗಳನ್ನು ತಿಳಿಯುವುದು ಹೇಗೆ? ಇದಕ್ಕೆ ಮಾದರಿ ಬರೆಯುವ ವಿಧಾನಗಳಿವೆ. ನಮ್ಮ ಶಾಲೆಯ ಪುಸ್ತಕ ಭಂಡಾರಕ್ಕೆ ಒಂದು ತಂತ್ರಾಂಶ ಬೇಕೆಂದು ಭಾವಿಸೋಣ. ಮೊದಲು, ಇದನ್ನು ಬಳಸುವವರು ಯಾರು ಎಂದು ಕೇಳಬೇಕು: ವಿದ್ಯಾರ್ಥಿ, ಅಧ್ಯಾಪಕ, ಭಂಡಾರದ ಮೇಲ್ವಿಚಾರಕ. ಪ್ರತಿಯೊಬ್ಬನೂ ಏನು ಮಾಡುವನೆಂದು ಬರೆಯಬೇಕು: ಹುಡುಕುವುದು, ಎರವಲು ಪಡೆಯುವುದು, ಹಿಂದಿರುಗಿಸುವುದು. ಬಳಕೆಯ ಸಂದರ್ಭಗಳನ್ನು ಹೀಗೆ ಬರೆಯುವ ಬಗೆಯನ್ನು ಸ್ವೀಡನ್ ದೇಶದ ಇವಾರ್ ಜೇಕಬ್‌ಸನ್ ಎಂಬವನು ರೂಢಿಗೆ ತಂದನು. ಎರಡನೆಯದಾಗಿ, ಲೆಕ್ಕದಲ್ಲಿಡಬೇಕಾದ ವಸ್ತುಗಳಾವುವು, ಅವುಗಳ ಸಂಬಂಧವೇನು ಎಂದು ಚಿತ್ರ ಬರೆಯಬೇಕು. ಒಬ್ಬ ವಿದ್ಯಾರ್ಥಿ ಹಲವು ಪುಸ್ತಕಗಳನ್ನು ಪಡೆಯಬಹುದು. ಒಂದು ಪ್ರತಿ ಒಂದು ಸಮಯಕ್ಕೆ ಒಬ್ಬನ ಬಳಿ ಮಾತ್ರ ಇರಬಹುದು. ಈ ಬಗೆಯ ಚಿತ್ರವನ್ನು ಪೀಟರ್ ಚೆನ್ ಎಂಬ ವಿದ್ವಾಂಸನು ೧೯೭೬ರಲ್ಲಿ ವಿವರಿಸಿದನು. ಮೂರನೆಯದಾಗಿ, ಒಂದು ಪುಸ್ತಕವು ಯಾವ ಯಾವ ಸ್ಥಿತಿಗಳಲ್ಲಿರಬಹುದೆಂದು ಗುರುತಿಸಬೇಕು: ಕಪಾಟಿನಲ್ಲಿದೆ, ಎರವಲು ಹೋಗಿದೆ, ರಟ್ಟು ಕಟ್ಟಲು ಹೋಗಿದೆ, ಕಳೆದುಹೋಗಿದೆ.

ಈ ಚಿತ್ರಗಳ ಪ್ರಯೋಜನವೇನು? ಇವನ್ನು ಬರೆಯುವಾಗಲೇ ಮರೆತ ಪ್ರಶ್ನೆಗಳು ತಲೆಯೆತ್ತುವುವು. ಪುಸ್ತಕ ಪಡೆದ ಹುಡುಗ ಶಾಲೆ ಬಿಟ್ಟರೇನು ಗತಿ? ಒಂದೇ ಪುಸ್ತಕದ ಮೂರು ಪ್ರತಿಗಳಿದ್ದರೆ ಹೇಗೆ ಗುರುತಿಸುವುದು? ಕಾಗದದ ಮೇಲೆ ಈ ಪ್ರಶ್ನೆಗೆ ಉತ್ತರಿಸಲು ಒಂದು ಗಳಿಗೆ ಸಾಕು. ತಂತ್ರಾಂಶವೆಲ್ಲ ಸಿದ್ಧವಾದ ಮೇಲೆ ತಿದ್ದಲು ತಿಂಗಳುಗಳು ಹಿಡಿದಾವು. "ಭಂಡಾರದ ಕೆಲಸ ಚೆನ್ನಾಗಿ ನಡೆಯಬೇಕು" ಎಂದು ಬರೆದರೆ ಅದು ಅವಶ್ಯಕತೆಯಾಗದು. ಅದು ಬರಿಯ ಹಾರೈಕೆ. "ಎರವಲು ಪಡೆದ ಪುಸ್ತಕ ಹದಿನಾಲ್ಕು ದಿನಗಳಲ್ಲಿ ಬಾರದಿದ್ದರೆ ವಿದ್ಯಾರ್ಥಿಯ ಹೆಸರು ಪಟ್ಟಿಯಲ್ಲಿ ಕಾಣಬೇಕು" ಎಂಬುದು ಅವಶ್ಯಕತೆ. ಏಕೆಂದರೆ ಅದು ನಡೆಯಿತೋ ಇಲ್ಲವೋ ಎಂದು ಪರೀಕ್ಷಿಸಬಹುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅವಶ್ಯಕತೆಗಳು ಹುಟ್ಟುವುದು ಎಲ್ಲಿ? ಜನರ ಬಾಳಿನಲ್ಲಿ, ಅವರು ಅದನ್ನು ಹೇಳುವುದು ತಮ್ಮ ಮಾತಿನಲ್ಲಿ. ಕಾಸರಗೋಡಿನಂಥ ಗಡಿನಾಡಿನಲ್ಲಿ ಒಂದೇ ಮಗುವಿನ ಹೆಸರನ್ನು ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. 'ಲಕ್ಷ್ಮಿ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಅದು ಎರಡೇ ಅಕ್ಷರ. ಲೋಕದ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಅದನ್ನು ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಡಿಸು ಎಂದು ಏಳು ಸಂಕೇತಗಳಾಗಿ ಬರೆಯುತ್ತಾರೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳ ಜಾಗ ಬೇಕು. ಅಂದರೆ ಒಟ್ಟು ೨೧ ಬೈಟು. ಅದೇ ಹೆಸರನ್ನು ಇಂಗ್ಲಿಷಿನ ಏಳು ಅಕ್ಷರಗಳಲ್ಲಿ ಬರೆದರೆ ೭ ಬೈಟು ಸಾಕು. ಹೆಸರಿಗೆ ೨೦ ಬೈಟು ಧಾರಾಳವಾಯಿತೆಂದು ಎಲ್ಲಿಯೋ ಕುಳಿತವನು ನಿಶ್ಚಯಿಸಿದರೆ, ನಮ್ಮ ಲಕ್ಷ್ಮಿಯ ಹೆಸರು ಅಲ್ಲಿ ಹಿಡಿಸದು! ಏರಿಯಾನಿಗೆ ಬಂದುದೂ ಜಾಗ ಸಾಲದ ಇಂಥದೇ ಆಪತ್ತು.

ಆ ರಚನಕಾರನು ದುಷ್ಟನಲ್ಲ. ಅವನಿಗೆ ಯಾರೂ ಹೇಳಲಿಲ್ಲ, ಅಷ್ಟೆ. ಹೇಳಬೇಕಾದವರು ಯಾರು? ನಮ್ಮ ಅಕ್ಷರವನ್ನು ಬಲ್ಲವರು, ಎರಡು ಮೂರು ಭಾಷೆಗಳ ನಡುವೆ ಬಾಳುವ ಜನರ ಕಷ್ಟವನ್ನು ಅರಿತವರು. ಇಂಗ್ಲಿಷು ಬೇಡವೆಂದು ನಾವು ಹೇಳುತ್ತಿಲ್ಲ. ಈ ಶಾಸ್ತ್ರದ ಗ್ರಂಥಗಳು ಬಹುಪಾಲು ಆ ಭಾಷೆಯಲ್ಲಿರುವುದರಿಂದ ಅದನ್ನು ಶ್ರಮವಹಿಸಿ ಕಲಿಯಲೇಬೇಕು. ಆದರೆ ಪ್ರಶ್ನೆ ಕೇಳುವ ಬುದ್ಧಿ, ಕೇಳಿದುದನ್ನು ಸಂದಿಗ್ಧವಿಲ್ಲದೆ ಬರೆಯುವ ಶಕ್ತಿ, ಕ್ರಮವಾಗಿ ಯೋಚಿಸುವ ಅಭ್ಯಾಸ, ಇವು ಮಗುವಿಗೆ ಚೆನ್ನಾಗಿ ತಿಳಿದ ಭಾಷೆಯಲ್ಲಿ ಮೊಳೆಯುತ್ತವೆ. ಅಡಿಪಾಯ ಕನ್ನಡದ್ದಾದರೆ ಮೇಲಿನ ಉಪ್ಪರಿಗೆಗೆ ಅಡ್ಡಿಯಿಲ್ಲ.

ತಾಯಿತಂದೆಗಳಲ್ಲಿ ನಮ್ಮ ವಿನಂತಿಯಿಷ್ಟೆ: ಮಗು "ಏಕೆ?" ಎಂದು ಕೇಳಿದಾಗ ಗದರಬೇಡಿರಿ. ಪ್ರಿಯ ವಿದ್ಯಾರ್ಥಿಗಳೇ, ನೀವು ಯಂತ್ರವಿಲ್ಲದೆಯೂ ಈ ವಿದ್ಯೆಯನ್ನು ಇಂದೇ ಆರಂಭಿಸಬಹುದು. ಮನೆಯ ಹಾಲಿನ ಲೆಕ್ಕವನ್ನೋ, ಶಾಲೆಯ ಆಟದ ಸಾಮಾನುಗಳ ಲೆಕ್ಕವನ್ನೋ ತೆಗೆದುಕೊಳ್ಳಿರಿ. ಯಾರು ಬಳಸುತ್ತಾರೆ, ಏನೇನು ದಾಖಲಿಸಬೇಕು, ತಪ್ಪಾದರೆ ಏನು ಮಾಡಬೇಕು ಎಂಬುದನ್ನು ಸ್ವಚ್ಛವಾದ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಅದನ್ನು ಗೆಳೆಯನಿಗೆ ಓದಲು ಕೊಡಿರಿ. ಅವನು ನಿಮ್ಮನ್ನು ಏನೂ ಕೇಳದೆ ಆ ಲೆಕ್ಕವನ್ನು ಇಡಬಲ್ಲನಾದರೆ, ಈ ಶಾಸ್ತ್ರದ ಮೊದಲ ಪಾಠವನ್ನು ನೀವು ಕಲಿತಿರೆಂದು ತಿಳಿಯಿರಿ.