ಮುಂದಾಳಿನ ನೆಮ್ಮದಿ, ಸಂಘದ ನೆಮ್ಮದಿ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಹಿಂದಿನ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗಿಂತ ಮುಂಚೆ ಮಾತನಾಡಿದವರು ಲೀಟರಿನ ಲೆಕ್ಕ, ಲಾಭದ ಲೆಕ್ಕ, ಕಟ್ಟಡದ ಲೆಕ್ಕ ಎಲ್ಲವನ್ನೂ ಹೇಳಿದ್ದಾರೆ. ಅದೆಲ್ಲ ಹೆಮ್ಮೆಪಡುವ ವಿಷಯವೇ. ಆದರೆ ಯಾವ ವಾರ್ಷಿಕ ವರದಿಯಲ್ಲೂ ಅಚ್ಚಾಗದ ಇನ್ನೊಂದು ಲೆಕ್ಕ ಇದೆ. ಸಂಘವನ್ನು ನಡೆಸುವವರ ಮೈ-ಮನಸ್ಸು ಹೇಗಿದೆ ಎನ್ನುವ ಲೆಕ್ಕ. ಅದನ್ನು ನಾವು ಬಹಳ ವರ್ಷ ಇಡಲೇ ಇಲ್ಲ. ಅದರಿಂದ ಆದ ನಷ್ಟವನ್ನು ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇವೆ.

ಡೈರಿ ಬಾಗಿಲನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತೆಗೆಯಬೇಕು. ವರ್ಷಕ್ಕೆ 730 ಸಲ ಆಯಿತು. 25 ವರ್ಷಕ್ಕೆ 18 ಸಾವಿರಕ್ಕೂ ಮೇಲೆ. ಯುಗಾದಿ ಇರಲಿ, ಊರಹಬ್ಬ ಇರಲಿ, ಮಳೆ ಸುರೀತಿರಲಿ, ಹಸು ಹಾಲು ಕೊಡೋದನ್ನ ನಿಲ್ಲಿಸೋದಿಲ್ಲ. ಹಸುವಿಗೆ ಭಾನುವಾರ ಗೊತ್ತಿಲ್ಲ. ಹಾಗಾಗಿ ಡೈರಿ ನಡೆಸುವವನಿಗೂ ಭಾನುವಾರ ಇಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು.

ಸುಮಾರು ಒಂಬತ್ತು ವರ್ಷದ ಹಿಂದಿನ ಮಾತು. ಆಗ ಕಾರ್ಯದರ್ಶಿಗಳಾಗಿದ್ದವರು ಇವತ್ತು ನಿಮ್ಮ ನಡುವೆಯೇ ಕೂತಿದ್ದಾರೆ. ಅವರ ಒಪ್ಪಿಗೆ ಪಡೆದೇ ಈ ವಿಷಯ ಹೇಳುತ್ತಿದ್ದೇವೆ. ಒಂದು ದಿನ ಬೆಳಿಗ್ಗೆ ಹಾಲಿನ ಲಾರಿ ಹೊರಟ ಮೇಲೆ ನಮ್ಮ ಹಳೆಯ ಸದಸ್ಯರೊಬ್ಬರು, ವಯಸ್ಸಾದ ತಾಯಿ, ಒಂದೂವರೆ ಲೀಟರ್ ಹಾಲು ಹಿಡಿದು ಬಂದರು. "ಟೈಮಿಗೆ ಬರೋಕಾಗದಿದ್ರೆ ಹಾಲು ತರಲೇಬೇಡ ಹೋಗಜ್ಜಿ" ಎಂದು ಕಾರ್ಯದರ್ಶಿಗಳು ಹತ್ತು ಜನರ ಮುಂದೆ ಗದರಿಬಿಟ್ಟರು. ಅಜ್ಜಿ ಮಾತಾಡಲಿಲ್ಲ. ಕಣ್ಣೊರೆಸಿಕೊಂಡು ಮನೆಗೆ ಹೋದರು. ಮಾರನೇ ದಿನದಿಂದ ಅವರ ಹಾಲು ಖಾಸಗಿಯವರ ಕ್ಯಾನಿಗೆ ಬಿತ್ತು. ಅವರ ಹಿಂದೆ ಅವರ ಬೀದಿಯೇ ಹೋಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಾಗೆ.

ಆಡಳಿತ ಮಂಡಳಿ ಸಭೆ ಸೇರಿತು. ನೋಟಿಸು ಕೊಡಬೇಕು ಅಂದರು ಕೆಲವರು, ತೆಗೆದೇ ಹಾಕಬೇಕು ಅಂದರು ಕೆಲವರು. ಮೂಲೆಯಲ್ಲಿ ಕೂತಿದ್ದ ಹಿರಿಯ ನಿರ್ದೇಶಕರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಅವನು ಕಡೇ ಸಾರಿ ರಜ ತಗೊಂಡಿದ್ದು ಯಾವಾಗ್ರಯ್ಯಾ?" ಯಾರಿಗೂ ಗೊತ್ತಿರಲಿಲ್ಲ. ಹಾಜರಾತಿ ಪುಸ್ತಕ ತರಿಸಿ ನೋಡಿದೆವು. ಮೂರು ವರ್ಷದಲ್ಲಿ ಒಂದು ದಿನವೂ ಇಲ್ಲ. ಅವರ ತಂದೆ ತೀರಿಕೊಂಡ ದಿನ ಸಂಜೆಯೂ ಹಾಲು ಅಳೆದು ರುಜು ಹಾಕಿದ್ದಾರೆ.

ನಾಚಿಕೆಯ ವಿಷಯ ಏನೆಂದರೆ, ಅದು ನಮಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ತಂದೆಯ ಮಣ್ಣು ಮುಗಿಸಿ ಬಂದು ಹಾಲು ಅಳೆದ ಕರ್ತವ್ಯನಿಷ್ಠರು ಎಂದು ಮಹಾಸಭೆಯಲ್ಲಿ ಅವರಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದವರು ನಾವೇ! ಆ ದಿನ ಅವರಿಗೆ ಬೇಕಾಗಿದ್ದದ್ದು ಶಾಲಲ್ಲ. "ನೀನು ಮನೇಲಿರಪ್ಪಾ, ನಾವು ನೋಡ್ಕೋತೀವಿ" ಅನ್ನುವ ಒಂದು ಮಾತು. ಅದನ್ನು ನಮ್ಮಲ್ಲಿ ಯಾರೂ ಆಡಲಿಲ್ಲ.

ಬಂಧುಗಳೇ, ಕೌಂಟರಿನ ಒಳಗೆ ಕೂತವರ ಕಷ್ಟವನ್ನು ಸ್ವಲ್ಪ ಯೋಚನೆ ಮಾಡಿ. ಹಾಲಿನ ದರ ನಿಗದಿ ಮಾಡುವುದು ಅವರಲ್ಲ. ಲಾರಿ ಬರುವ ಹೊತ್ತು ಗೊತ್ತುಮಾಡುವುದೂ ಅವರಲ್ಲ. ಜಿಡ್ಡಿನಂಶ ಎಷ್ಟು ಅನ್ನುವುದು ಹಸು ತಿಂದ ಮೇವಿನ ಮೇಲೆ, ತಳಿಯ ಮೇಲೆ ನಿಂತಿದೆ. ಆದರೆ "ನನ್ನ ಹಾಲಿಗೆ ಯಾಕಯ್ಯಾ ಡಿಗ್ರಿ ಕಮ್ಮಿ?" ಅನ್ನುವ ಬೈಗುಳ ಮಾತ್ರ ಅವರಿಗೇ. ಅಧಿಕಾರ ಇಲ್ಲದ ಜವಾಬ್ದಾರಿ ಮನುಷ್ಯನನ್ನು ಒಳಗಿಂದ ತಿನ್ನುತ್ತದೆ. ಇದು ನಮ್ಮೂರಿನ ಮಾತು ಮಾತ್ರವಲ್ಲ. ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು 1967ರಿಂದ ವರ್ಷಗಟ್ಟಲೆ ಪರೀಕ್ಷಿಸಿದರು. ಮೇಲಿನ ಹುದ್ದೆಯವರಿಗಿಂತ ಕೆಳಗಿನ ಹುದ್ದೆಯವರೇ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು. 1985ರಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಮತ್ತೊಂದು ಅಧ್ಯಯನ ಶುರುವಾಯಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಿಗೆ ಈ ಕಾಯಿಲೆ ಜಾಸ್ತಿ ಎಂಬುದು ಅದರಿಂದ ತಿಳಿದುಬಂತು. ದುಡಿದು ದುಡಿದು ಬತ್ತಿಹೋಗುವ ಈ ಸ್ಥಿತಿಯನ್ನು ಕೆಲಸಕ್ಕೆ ಸಂಬಂಧಿಸಿದ ಸಮಸ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗುರುತಿಸಿದೆ.

ಹಾಲು ಕರೆಯುವ ತಾಯಂದಿರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಸಿಡುಕಿನಿಂದ, ಹೊಡೆದು ಬಡಿದು ಕರೆಯಲು ಕೂತರೆ ಹಸು ಹಾಲು ಬಿಡೋದಿಲ್ಲ. ಮೈ ಸವರಿ, ಸಮಾಧಾನವಾಗಿ ಕೂತರೆ ಅದೇ ಹಸು ತಂಬಿಗೆ ತುಂಬಿಸುತ್ತದೆ. ಸಂಘವೂ ಹಾಗೇನೇ. ಮುಂದೆ ನಿಂತವರ ಮನಸ್ಸು ಕದಡಿದ್ದರೆ ಅದು ಸಹಾಯಕನಿಗೆ ತಟ್ಟುತ್ತದೆ, ಸಹಾಯಕನಿಂದ ಸದಸ್ಯರಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆ ದಿನ ಆ ಅಜ್ಜಿಯ ಮೇಲೆ ಬಿದ್ದದ್ದು ಮೂರು ವರ್ಷದ ನಿದ್ದೆಗೇಡು.

ನೋಟಿಸಿನ ಬದಲು ಅವತ್ತು ಮೂರು ತೀರ್ಮಾನ ಮಾಡಿದೆವು. ಒಂದು, ಊರಿನ ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬರಿಗೆ ಹಾಲು ಪರೀಕ್ಷೆ, ಲೆಕ್ಕ ಬರೆಯುವುದು ಎರಡನ್ನೂ ಕಲಿಸಿ, ವಾರಕ್ಕೊಂದು ದಿನ ಕಾರ್ಯದರ್ಶಿಗಳಿಗೆ ಕಡ್ಡಾಯ ರಜ. ಎರಡು, ದರದ ತಕರಾರು, ಡಿಗ್ರಿಯ ತಕರಾರು ಕೌಂಟರಿನಲ್ಲಿ ಬೇಡ. ಬರೆದು ಕೊಟ್ಟರೆ ನಿರ್ದೇಶಕರು ಕೂತು ಉತ್ತರ ಹೇಳುವುದು. ಮೂರು, ಅಧ್ಯಕ್ಷರಿಗೂ ಮನೆ ಮಠ ಇದೆ. ರಾತ್ರಿ ಊಟದ ಹೊತ್ತಿನಲ್ಲಿ ಅವರ ಬಾಗಿಲು ಬಡಿಯಬಾರದು.

ಮಹಾಸಭೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. "ಇನ್ನೊಬ್ಬರಿಗೆ ಸಂಬಳ ಕೊಟ್ಟರೆ ನಮ್ಮ ಬೋನಸ್ಸಿಗೆ ಕತ್ತರಿ" ಎಂದು ಕೂಗಿದವರಲ್ಲಿ ಕೆಲವರು ಇಲ್ಲೂ ಇದ್ದಾರೆ, ನಗುತ್ತಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ. ಆ ವರ್ಷ ಬೋನಸ್ಸು ಸ್ವಲ್ಪ ಇಳಿಯಿತು. ಆದರೆ 2020ರಲ್ಲಿ ಕೊರೊನಾ ಬಂದಾಗ ಕಾರ್ಯದರ್ಶಿಗಳು ಹಾಸಿಗೆ ಹಿಡಿದರೂ ಡೈರಿ ಬಾಗಿಲು ಒಂದು ಹೊತ್ತೂ ಮುಚ್ಚಲಿಲ್ಲ. ಕೆಲಸ ಬಲ್ಲ ಇನ್ನೊಂದು ಕೈ ಇತ್ತು. ಅವತ್ತು ಬೋನಸ್ಸಿನ ಮಾತು ಯಾರೂ ಎತ್ತಲಿಲ್ಲ.

ಮೊದಲ ರಜದ ದಿನ ಕಾರ್ಯದರ್ಶಿಗಳು ಎಲ್ಲಿಗೂ ಹೋಗಲಿಲ್ಲವಂತೆ, ಮಧ್ಯಾಹ್ನದವರೆಗೆ ಮಲಗಿದರಂತೆ. ಎರಡನೇ ವಾರ ತಾವಾಗಿಯೇ ಅಜ್ಜಿಯ ಮನೆಗೆ ಹೋಗಿ "ತಪ್ಪಾಯ್ತಜ್ಜಿ" ಅಂದರು. ಹೋದವರಲ್ಲಿ ಅರ್ಧಕ್ಕರ್ಧ ಜನ ಮರಳಿ ಬಂದರು. ಉಳಿದರ್ಧ ಇವತ್ತಿಗೂ ಬಂದಿಲ್ಲ. ಅದು ನಮ್ಮ ತಪ್ಪಿಗೆ ನಾವು ತೆತ್ತ ಬೆಲೆ.

ನಮ್ಮ ನಾಡಿನ ಸಹಕಾರ ಚಳವಳಿ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಶುರುವಾಯಿತು. ಬಡ್ಡಿಯ ಬಾಧೆಯಿಂದ ರೈತ ಪಾರಾಗಿ ನೆಮ್ಮದಿಯಾಗಿ ಮಲಗಲಿ ಎಂಬುದೇ ಸಾಲದ ಸಹಕಾರ ಸಂಘಗಳ ಮೂಲ ಆಶಯ. ನೆಮ್ಮದಿಗಾಗಿ ಹುಟ್ಟಿದ ಸಂಸ್ಥೆ ತನ್ನನ್ನು ನಡೆಸುವವರ ನೆಮ್ಮದಿಯನ್ನೇ ಕಸಿದುಕೊಂಡರೆ ಅದೆಂಥ ಸಹಕಾರ?

ಇನ್ನು ಮುಂದೆ ಸಂಘದ ಚುಕ್ಕಾಣಿ ಹಿಡಿಯುವ ಯುವಕ ಯುವತಿಯರಲ್ಲಿ ನಮ್ಮದೊಂದೇ ವಿನಂತಿ. ನಿಮ್ಮ ಮೈ ನೋಡಿಕೊಳ್ಳಿ, ಹೆಂಡತಿ ಮಕ್ಕಳ ಜೊತೆ ಕೂತು ಊಟ ಮಾಡಿ, ದಣಿವಾದರೆ ದಣಿವಾಗಿದೆ ಎಂದು ಬಾಯಿಬಿಟ್ಟು ಹೇಳಿ. ಅದು ಸೋಮಾರಿತನವಲ್ಲ, ಅದೂ ಸಂಘದ ಕೆಲಸವೇ. ಸದಸ್ಯರಾದ ನಾವು ನೀವು ನಾಳೆ ಬೆಳಿಗ್ಗೆ ಹಾಲು ಹಾಕುವಾಗ ಡಿಗ್ರಿ ಕೇಳುವುದಕ್ಕೆ ಮುಂಚೆ "ಚೆನ್ನಾಗಿದ್ದೀಯೇನಪ್ಪಾ?", "ಚೆನ್ನಾಗಿದ್ದೀಯೇನಮ್ಮಾ?" ಎಂದು ಒಂದು ಮಾತು ಕೇಳೋಣ. ಅದಕ್ಕೆ ಬೋನಸ್ಸೇನೂ ಕಡಿತವಾಗುವುದಿಲ್ಲ.